ಲಾಲ್‌ಬಾಗಿನ ಜರ್ಮನ್ ತೋಟಗಾರ

ಲಾಲ್‌ಬಾಗ್ ಹೈದರಾಲಿ ಶುರುಮಾಡಿದ ತೋಟ, ಟಿಪ್ಪು ಅದನ್ನು ಬೆಳೆಸಿದ ಎಂಬುದು ನಮಗೆಲ್ಲ ಗೊತ್ತು. ಕೃಂಬಿಗಲ್ ಅಂದರೆ ಮಾತ್ರ, ಅದೇ ತೋಟದ ಹತ್ತಿರದ ಒಂದು ರಸ್ತೆ ಅಲ್ಲವೇ ಅನ್ನುವವರೇ ಜಾಸ್ತಿ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಜರ್ಮನಿಯ ಡ್ರೆಸ್ಡನ್ ಸಮೀಪದ ಲೋಮೆನ್‌ನಲ್ಲಿ. ತೋಟದ ಕೆಲಸ ಕಲಿತು ಲಂಡನ್ನಿಗೆ ಹೋದರು. ಹೈಡ್ ಪಾರ್ಕಿನ ಹೂಪಾತಿಗಳಲ್ಲಿ ದುಡಿದರು, ಆಮೇಲೆ ಕ್ಯೂ ಉದ್ಯಾನ ಸೇರಿದರು. 1893ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅವರನ್ನು ತಮ್ಮ ಸಂಸ್ಥಾನಕ್ಕೆ ಕರೆಸಿಕೊಂಡರು. ಅಲ್ಲಿಂದ 1908ರ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿಗೆ ಬಂದರು. ಲಾಲ್‌ಬಾಗ್ ಅವರ ಕೈಗೆ ಬಂತು.

ತೋಟ ಆಗಲೇ ಹಳೆಯದು. ಹಿಂದಿನ ಅಧಿಕಾರಿ ಕ್ಯಾಮರಾನರ ಕಾಲದ ಗಾಜಿನ ಮನೆಯೂ ನಿಂತಿತ್ತು. ಇದ್ದದ್ದನ್ನು ಕಾಯುತ್ತ ಕೂತಿದ್ದರೂ ಸಂಬಳವೇನೂ ನಿಲ್ಲುತ್ತಿರಲಿಲ್ಲ. ಆದರೆ ಅವರು ದೂರ ದೇಶಗಳಿಂದ ಬೀಜ, ಸಸಿ ತರಿಸಿದರು, ಇಲ್ಲಿನ ಮಣ್ಣಿಗೆ ಒಗ್ಗುತ್ತವೆಯೇ ಎಂದು ನೋಡಿದರು, ಒಗ್ಗಿದ ಮರಗಳನ್ನು ಊರಿನ ಬೀದಿಗಿಳಿಸಿದರು. ಸಾಲುಮರಕ್ಕೆ ಅವರು ಹಾಕಿಕೊಂಡ ಲೆಕ್ಕ ಸುಲಭದ್ದು: ಒಂದು ಜಾತಿ ಹೂವುದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು. ಮಾರ್ಚಿನಲ್ಲಿ ಜಕರಂದದ ನೀಲಿ, ಮೇ ತಿಂಗಳಲ್ಲಿ ಗುಲ್‌ಮೊಹರಿನ ಕೆಂಪು. ಹೀಗೆ ಊರಿಗೇ ಒಂದು ಹೂವಿನ ಪಂಚಾಂಗ.

ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಕನ್ನಂಬಾಡಿಯ ಬೃಂದಾವನ ಎದ್ದದ್ದರಲ್ಲೂ ಕೃಂಬಿಗಲ್ಲರ ಕೈಯಿತ್ತು. 1932ರಲ್ಲಿ ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಎಚ್. ಸಿ. ಜವರಾಯ. ಲಾಲ್‌ಬಾಗಿನ ಹೊಣೆ ಹೊತ್ತ ಮೊದಲ ಭಾರತೀಯರು ಅವರೇ.

ಕೃಂಬಿಗಲ್ ತಾಯ್ನಾಡಿಗೆ ಮರಳಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ, ಜರ್ಮನ್ ಅನ್ನೋ ಒಂದೇ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಆ ಮುದುಕನನ್ನು ಬಂಧನದಲ್ಲಿಟ್ಟಿತು. ಅಷ್ಟು ಹೊತ್ತಿಗೆ ಅವರು ಇಂಡಿಯಾಕ್ಕೆ ಬಂದು 45 ವರ್ಷ ದಾಟಿತ್ತು. ಬಿಡುಗಡೆಯಾದ ಮೇಲೂ ಬೆಂಗಳೂರಲ್ಲೇ ಉಳಿದರು. 1956ರಲ್ಲಿ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಲಾಲ್‌ಬಾಗಿನಲ್ಲಿ ಅವರ ಹೆಸರು ಹೊತ್ತ ಹಳೆಯ ಸಭಾಂಗಣ 2017ರಲ್ಲಿ ಕುಸಿದುಬಿತ್ತು. ಕಟ್ಟಡವನ್ನು ಮತ್ತೆ ಕಟ್ಟಬಹುದು. ರಸ್ತೆ ಅಗಲ ಮಾಡಲು ಕಡಿದ ಸಾಲುಮರಕ್ಕೆ ಬದಲಾಗಿ ಇಂದು ಸಸಿ ನೆಟ್ಟರೂ, ಅದರ ನೆರಳಿಗೆ ನಮ್ಮ ಮಕ್ಕಳ ಕಾಲದವರೆಗೂ ಕಾಯಬೇಕು. ರಜೆಗೆ ಊರಿಗೆ ಹೋದಾಗ ಯಾವ ತಿಂಗಳ ಹೂ ಇನ್ನೂ ಉಳಿದಿದೆ, ಯಾವುದು ಹೋಗಿದೆ, ತಲೆಯೆತ್ತಿ ನೋಡಿ ಬನ್ನಿ.