ಕಡಲಿನಡಿಯ ಉತ್ಖನನ: ಡಾ. ಎಸ್. ಆರ್. ರಾವ್

ಝುವಾರಿನಗರದಿಂದ ಝುವಾರಿಯ ಅಳಿವೆಯನ್ನು ದಾಟಿದರೆ ದೋನಾ ಪಾವ್ಲಾ. ಅಲ್ಲಿನ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಭಾರತದ ಸಾಗರ ಪುರಾತತ್ತ್ವಕ್ಕೆ ನೆಲೆ ಒದಗಿಸಿದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾಯರು.

1922ರಲ್ಲಿ ಜನಿಸಿದ ರಾಯರು ಮೈಸೂರಿನಲ್ಲಿ ವಿದ್ಯಾಭ್ಯಾಸ ಮಾಡಿ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. 1954ರಲ್ಲಿ ಗುಜರಾತಿನ ಲೋಥಲ್ ನೆಲೆಯನ್ನು ಶೋಧಿಸಿದರು. ಅಲ್ಲಿ ದೊರೆತ, ಸುಟ್ಟ ಇಟ್ಟಿಗೆಯ ಬೃಹತ್ ಕಟ್ಟೆಯನ್ನು ಅವರು ಹಡಗುಕಟ್ಟೆಯೆಂದರು. ಕೆಲವು ವಿದ್ವಾಂಸರು ಕೆರೆಯೆಂದರು. ರಾಯರು ತಮ್ಮ ಮತವನ್ನು ಬಿಡಲಿಲ್ಲ.

ಅರುವತ್ತರ ಹೊಸ್ತಿಲಲ್ಲಿ, ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಅವರು ಗೋವೆಗೆ ಬಂದು ಕಡಲಿನತ್ತ ಮುಖಮಾಡಿದರು. ನೆಲದ ಮೇಲೆ ಉತ್ಖನನಕಾರನು ಮಣ್ಣಿನ ಪದರಗಳನ್ನು ತಾನೇ ಓದಬಲ್ಲನು. ನೀರಿನಡಿಯಲ್ಲಿ ಹಾಗಲ್ಲ. ಮುಳುಗುಗಾರನು ಕಲ್ಲೊಂದನ್ನು ಮೇಲೆ ತರಬಲ್ಲನು. ಆದರೆ ತಂದೊಡನೆ ಅದು ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬ ಸಾಕ್ಷ್ಯವು ಕಳೆದುಹೋಗುತ್ತದೆ. ಆದುದರಿಂದ ಈ ವಿದ್ಯೆಯಲ್ಲಿ ಅಳತೆಪಟ್ಟಿಯಷ್ಟೇ ಮುಖ್ಯವಾದುದು ಉಸಿರಾಟದ ಉಪಕರಣ.

1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ರೂಪಿಸಿದ ರೆಗ್ಯುಲೇಟರೇ ಅದರ ಮೂಲ. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ಮೊದಲ ಹಂತವು ಅದನ್ನು ಸುತ್ತಣ ನೀರಿನ ಒತ್ತಡಕ್ಕಿಂತ ಹತ್ತು ಬಾರ್ ಆಸುಪಾಸಿಗೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ ಎರಡನೆಯ ಹಂತವು ಆ ನೀರಿನ ಒತ್ತಡಕ್ಕೆ ಸಮನಾಗಿಸಿ ಕೊಡುತ್ತದೆ. ಕವಾಟವನ್ನು ತೀರ ಸಡಿಲಗೊಳಿಸಿದರೆ ಗಾಳಿ ತಾನಾಗಿ ಸೋರಿಹೋಗುತ್ತದೆ. ಬಿಗಿಗೊಳಿಸಿದರೆ ಪ್ರತಿ ಉಸಿರನ್ನೂ ಎಳೆಯಬೇಕು, ಎದೆ ದಣಿಯುತ್ತದೆ. ದಣಿದವನು ಬೇಗಬೇಗ ಉಸಿರಾಡುತ್ತಾನೆ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಇಮ್ಮಡಿಯಾಗಿ ಗಾಳಿಯು ಅರ್ಧ ಹೊತ್ತಿಗೇ ತೀರುವುದರಿಂದ ಆ ಅವಸರವು ಅಳತೆಯ ಸಮಯವನ್ನೇ ಕಸಿಯುತ್ತದೆ. ದೋಣಿಯಲ್ಲಿಯೇ ರಬ್ಬರ್ ಬಳೆಯನ್ನು ನೋಡಬೇಕು, ಸೋರುವ ಸದ್ದಿಗೆ ಕಿವಿಗೊಡಬೇಕು, ಉಸಿರೆಳೆಯುತ್ತ ಗೇಜಿನ ಮುಳ್ಳನ್ನು ಗಮನಿಸಬೇಕು: ಪ್ರತಿ ಉಸಿರಿಗೂ ಮುಳ್ಳು ಕುಸಿದು ಏಳುವುದಾದರೆ ಸಿಲಿಂಡರಿನ ಕವಾಟವು ಪೂರ್ತಿ ತೆರೆದಿಲ್ಲವೆಂದೇ ಅರ್ಥ. ಕ್ಷುಲ್ಲಕವೆನಿಸುವ ಕೆಲಸ, ನಿಜ. ಕಲ್ಲಿನ ಸಾಲನ್ನು ನಿಧಾನವಾಗಿ ಅಳೆಯುವ ವ್ಯವಧಾನವು ಅದರಿಂದಲೇ ದೊರೆಯುತ್ತದೆ.

1983ರಿಂದ ರಾಯರ ನೇತೃತ್ವದಲ್ಲಿ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಯಿತು. ಆಳ ಹೆಚ್ಚಿಲ್ಲ, ಆದರೆ ಆಳ ಕಡಿಮೆಯಿದ್ದೆಡೆಯಲ್ಲಿ ಅಲೆಯ ತೂಗಾಟವೇ ಹೆಚ್ಚು, ಮರಳು ಕದಡಿದರೆ ಕಣ್ಣಿಗೆ ಏನೂ ಕಾಣದು. ಅಲ್ಲಿ ಕಟ್ಟಡದ ಕಲ್ಲುಗಳೂ ಮೂರು ರಂಧ್ರಗಳ ಕಲ್ಲಿನ ಲಂಗರುಗಳೂ ದೊರೆತವು. ರಾಯರು ಅವುಗಳಲ್ಲಿ ಮಹಾಭಾರತದ ದ್ವಾರಕೆಯನ್ನು ಕಂಡರು. ಅವರ ಕಾಲನಿರ್ಣಯವನ್ನು ಅನಂತರದ ಸಂಶೋಧಕರು ಪ್ರಶ್ನಿಸಿದರು. ಆ ಅವಶೇಷಗಳಲ್ಲಿ ಅನೇಕವು ಬಹಳ ಈಚಿನ ಬಂದರಿನವೆಂಬ ಅಭಿಪ್ರಾಯ ಬಲವಾಯಿತು. ಸಿಂಧೂ ಲಿಪಿಯನ್ನು ಓದಿದೆನೆಂಬ ಅವರ ವಾದವೂ ಸರ್ವಸಮ್ಮತವಾಗಲಿಲ್ಲ. ಆದರೆ ಅವರನ್ನು ಪ್ರಶ್ನಿಸಿದವರಲ್ಲಿ ಕೆಲವರು ದೋನಾ ಪಾವ್ಲಾದ ಅದೇ ಸಂಸ್ಥೆಯವರು. ತಾವೇ ಸಿಲಿಂಡರ್ ಹೊತ್ತು ಅದೇ ಕಲ್ಲುಗಳ ಬಳಿಗೆ ಇಳಿದವರು.

ರಾಯರು 2013ರ ಜನವರಿಯಲ್ಲಿ ನಿಧನರಾದರು. ಗೋವೆಯ ಕಡಲಿನ ಸುಂಚಿ ಬಂಡೆಸಾಲಿನಲ್ಲಿ ಒಡೆದ ಪೋರ್ಚುಗೀಸ್ ಹಡಗಿನ ಆನೆದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿಗಳನ್ನು ಬೆಳಕಿಗೆ ತಂದವರೂ ಆ ಸಂಸ್ಥೆಯ ಪುರಾತತ್ತ್ವಜ್ಞರೇ.