ಪಂಡಿತೆ ರಮಾಬಾಯಿಯವರೂ ಅವರ ಮಗಳು ಮನೋರಮೆಯೂ

ಮೋರಟಗಿ, ಸಿಂದಗಿಗಳ ಕಡೆಯ ನಮ್ಮ ಸಭೆಯವರು ಆಸ್ಪತ್ರೆಯ ನಿಮಿತ್ತವಾಗಲಿ ಮಕ್ಕಳ ವಿದ್ಯಾಭ್ಯಾಸದ ನಿಮಿತ್ತವಾಗಲಿ ಕಲಬುರ್ಗಿಗೆ ಹೋಗಿಬರುವುದುಂಟು. ಆ ಪಟ್ಟಣದಲ್ಲಿ 1912ರಲ್ಲಿ ಒಬ್ಬ ತಾಯಿಯೂ ಆಕೆಯ ಮಗಳೂ ಕೂಡಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರೆಂಬುದನ್ನು ಬಲ್ಲವರು ಸ್ವಲ್ಪ ಮಂದಿ. ತಾಯಿಯು ಪಂಡಿತೆ ರಮಾಬಾಯಿಯವರು, ಮಗಳು ಮನೋರಮಾಬಾಯಿ. ರಮಾಬಾಯಿಯವರ ಪಾಂಡಿತ್ಯದ ವಿಷಯವಾಗಿಯೂ, ವಿಧವೆಯರಿಗೂ ಅನಾಥರಿಗೂ ಅವರು ಮಾಡಿದ ಸೇವೆಯ ವಿಷಯವಾಗಿಯೂ ಬಹಳವಾಗಿ ಬರೆಯಲ್ಪಟ್ಟಿದೆ. ಆದರೆ ಅವರು ಒಂದು ಮಗುವಿನ ತಾಯಿಯಾಗಿದ್ದರೆಂಬ ಸಂಗತಿಯು ಆ ಬರವಣಿಗೆಗಳಲ್ಲಿ ಒಂದೆರಡು ಸಾಲುಗಳಲ್ಲಿಯೇ ಮುಗಿದುಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಕಳೆ ತೆಗೆಯಲು ಹೋಗುವ ತಾಯಂದಿರಿದ್ದಾರೆ. ಶಾಲೆಯಲ್ಲಿ ಕಲಿಸುವವರೂ ದವಾಖಾನೆಯಲ್ಲಿ ರಾತ್ರಿ ಕಾಯುವವರೂ ಇದ್ದಾರೆ. ತಾನು ಮಗುವಿಗೆ ಅನ್ಯಾಯ ಮಾಡುತ್ತಿರುವೆನೋ ಎಂಬ ಸಂಕಟವು ಇವರಲ್ಲಿ ಅನೇಕರ ಮನಸ್ಸಿನಲ್ಲಿದೆ. ಆದಕಾರಣ ಈ ಸಾರಿ ರಮಾಬಾಯಿಯವರ ಚರಿತ್ರೆಯನ್ನು ಆ ಒಂದು ಕಡೆಯಿಂದಲೇ ನೋಡುವೆವು.

ಅವರು 1858ನೆಯ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯಸ್ಥಳದಲ್ಲಿ, ಅಂದರೆ ನಮ್ಮ ಕನ್ನಡ ನೆಲದಲ್ಲಿಯೇ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಕಟ್ಟುಪಾಡಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಇದಕ್ಕಾಗಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಮಗಳಿಗೆ ಸುಮಾರು ಆರು ತಿಂಗಳಾದಾಗ ಕುಟುಂಬವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರು.

ಈ ಲಕ್ಷ್ಮೀಬಾಯಿಯನ್ನು ಕುರಿತು ಸ್ವಲ್ಪ ನಿಂತು ಹೇಳಬೇಕಾಗಿದೆ. ಮಗಳಿಗೆ ವಿದ್ಯೆ ಕಲಿಸುವ ವಯಸ್ಸು ಬಂದಾಗ ತಂದೆಯು ಮುದುಕನಾಗಿದ್ದನು. ಕಲಿಸುವ ಭಾರವು ತಾಯಿಯ ಮೇಲೆ ಬಿತ್ತು. ಹಗಲೆಲ್ಲಾ ಆಕೆಗೆ ಮನೆಗೆಲಸವೂ ಬಂದುಹೋಗುವವರ ಉಪಚಾರವೂ ತಪ್ಪಿದ್ದಲ್ಲ. ಹೀಗಿರಲಾಗಿ ಆಕೆಯು ಕತ್ತಲಿರುವಾಗಲೇ ಎದ್ದು, ನೆಲದ ಮೇಲೆ ಮಲಗಿದ್ದ ಮಗುವನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ತೊಡೆಯ ಮೇಲೆ ಕೂಡ್ರಿಸಿಕೊಂಡು, ಹಕ್ಕಿಗಳು ಕೂಗಲಾರಂಭಿಸುವ ಆ ಹೊತ್ತಿನಲ್ಲಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಪುಸ್ತಕವಿಲ್ಲ, ಹಲಗೆಯಿಲ್ಲ, ತಾಯಿಯ ಬಾಯಿಯೇ ಪುಸ್ತಕವಾಗಿತ್ತು. ಸೂರ್ಯೋದಯವಾದ ಮೇಲೆ ತಾಯಿಯು ಒಲೆಯ ಕಡೆಗೆ ಹೋಗುವಳು. ಮುಂದೆ ಇಡೀ ದೇಶವೇ ಬೆರಗಾಗಿ ಕೇಳಿದ ಪಾಂಡಿತ್ಯವು ಈ ರೀತಿಯಾಗಿ, ಮನೆಗೆಲಸಕ್ಕೆ ಮುಂಚೆ ಉಳಿಸಿಕೊಂಡ ಒಂದೆರಡು ತಾಸುಗಳಲ್ಲಿ ಬೆಳೆಯಿತು. ಯಾತ್ರೆಯ ಕಾಲದಲ್ಲಿಯೇ ರಮಾಬಾಯಿಯವರು ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳನ್ನೂ ಕಲಿತುಕೊಂಡರು.

ಘೋರವಾದ ಬರಗಾಲದ ಸಮಯದಲ್ಲಿ ಈ ಕುಟುಂಬವು ಹಸಿವೆಯಿಂದ ನಾಶವಾಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಅಣ್ಣನಾದ ಶ್ರೀನಿವಾಸನೊಡನೆ ರಮಾಬಾಯಿಯವರು ದೇಶದ ಉದ್ದಗಲಕ್ಕೂ ಕಾಲ್ನಡೆಯಾಗಿ ತಿರುಗಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ಯುವತಿಯನ್ನು ಪರೀಕ್ಷಿಸಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ಸತ್ತನು. ಆ ವರುಷವೇ ಅವರು ಬಿಪಿನ ಬಿಹಾರಿ ದಾಸ ಎಂಬ ಬಂಗಾಳಿ ವಕೀಲರನ್ನು ಜಾತಿಯನ್ನೆಣಿಸದೆ ಮದುವೆಯಾದರು. 1881ರ ಏಪ್ರಿಲ್‌ನಲ್ಲಿ ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡನು.

ಇಪ್ಪತ್ತನಾಲ್ಕು ತುಂಬದ ವಿಧವೆ, ಹತ್ತು ತಿಂಗಳ ಹೆಣ್ಣುಕೂಸು, ತವರುಮನೆಯೆಂಬುದೇ ಇಲ್ಲ, ಜಾತಿ ಬಿಟ್ಟವಳೆಂದು ಬಂಧುಗಳ ತಿರಸ್ಕಾರ. ಇಂಥ ಸ್ಥಿತಿಯಲ್ಲಿ ಅವರು ಮಗುವನ್ನೆತ್ತಿಕೊಂಡು ಪುಣೆಗೆ ಬಂದು, ಅದೇ 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಗ್ರಂಥವನ್ನು ಬರೆದರು. ಸರಕಾರದ ಹಂಟರ್ ವಿದ್ಯಾಸಮಿತಿಯ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಸ್ತ್ರೀ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಬೇಕೆಂದು ವಾದಿಸಿದರು. ಆ ಗ್ರಂಥದಿಂದ ಬಂದ ಹಣದಿಂದಲೇ 1883ರಲ್ಲಿ ಮಗುವಿನೊಡನೆ ಹಡಗನ್ನೇರಿ ಇಂಗ್ಲೆಂಡಿಗೆ ಹೋದರು.

ಅಲ್ಲಿ ವಾಂಟೇಜ್ ಎಂಬ ಊರಿನಲ್ಲಿ, ಕ್ರೈಸ್ತ ಸಹೋದರಿಯರ ಮಠದಲ್ಲಿ ಅವರಿಗೆ ಆಶ್ರಯ ದೊರೆಯಿತು. ಬಿದ್ದುಹೋದ ಸ್ತ್ರೀಯರನ್ನು ಆ ಸಹೋದರಿಯರು ಪ್ರೀತಿಯಿಂದ ಎತ್ತಿ ನಿಲ್ಲಿಸುವುದನ್ನು ಕಂಡು ಅವರ ಮನಸ್ಸು ಕರಗಿತು. 1883ನೆಯ ಸಪ್ಟಂಬರ್ 29ರಂದು ತಾಯಿಯೂ ಮಗಳೂ ಒಟ್ಟಿಗೆ ದೀಕ್ಷಾಸ್ನಾನವನ್ನು ಹೊಂದಿದರು. ಕಿವಿ ಮಂದವಾದದ್ದರಿಂದ ವೈದ್ಯವಿದ್ಯೆಯ ಆಶೆಯನ್ನು ಬಿಡಬೇಕಾಯಿತು. ಆಗ ಅವರು ಚೆಲ್ಟನ್‌ಹ್ಯಾಮಿನ ಸ್ತ್ರೀಯರ ವಿದ್ಯಾಲಯಕ್ಕೆ ಹೋಗಿ ತಾವು ಕಲಿಯುತ್ತಾ ಸಂಸ್ಕೃತವನ್ನು ಕಲಿಸುತ್ತಾ ಇದ್ದರು. ಮಗುವು ಬಹುಕಾಲ ವಾಂಟೇಜಿನಲ್ಲಿಯೇ ಸಹೋದರಿಯರ ಬಳಿಯಲ್ಲಿ ಇರುತ್ತಿತ್ತು.

ಇಲ್ಲಿಂದ ಒಂದು ನೋವಿನ ಕಥೆ ಆರಂಭವಾಗುತ್ತದೆ. ಮನೋರಮೆಯನ್ನು ಸಾಕಿದ ಜೆರಾಲ್ಡೀನ್ ಸಹೋದರಿಯು ಆ ಮಗುವನ್ನು ನಿಜವಾಗಿ ಪ್ರೀತಿಸಿದಳು. ಪ್ರೀತಿಸಿದ್ದರಿಂದಲೇ, ಈ ಮಗುವು ಏನನ್ನು ನಂಬಬೇಕು, ಹೇಗೆ ಬೆಳೆಯಬೇಕು ಎಂಬುದನ್ನು ಗೊತ್ತುಮಾಡುವ ಹಕ್ಕು ತನಗಿದೆಯೆಂದು ಎಣಿಸಿದಳು. ತಾಯಿಯು ಕೆಲಸದ ನಿಮಿತ್ತ ದೂರದಲ್ಲಿದ್ದಾಳೆ. ಮಗುವಿಗೆ ಉಣಿಸಿ ಮಲಗಿಸುವವಳು ತಾನು. ಆದ್ದರಿಂದ ಮಾತು ತನ್ನದೇ ಎಂಬ ಎಣಿಕೆಯು ನಮ್ಮ ಮನೆಗಳಲ್ಲಿಯೂ ಅಪರೂಪವಲ್ಲ. ರಮಾಬಾಯಿಯವರು ಇದಕ್ಕೆ ಒಪ್ಪಲಿಲ್ಲ. ಮಗಳಿಗೆ ಏನು ಕಲಿಸಬೇಕೆಂಬುದು ತಾಯಿಯ ಮನಸ್ಸಾಕ್ಷಿಗೆ ಸೇರಿದ್ದು; ಆಕೆಯು ಇಂಗ್ಲಿಷ್ ದೊರೆಸಾನಿಯಾಗಿ ಬೆಳೆಯದೆ ತನ್ನ ದೇಶದವರ ನಡುವೆ ಅವರಲ್ಲೊಬ್ಬಳಾಗಿ ಬೆಳೆಯಬೇಕು ಎಂದು ಅವರು ಬರೆದರು. ಉಪಕಾರ ಮಾಡಿದವರಿಗೆ ಹೀಗೆ ಬರೆಯುವುದು ಸುಲಭವಾಗಿರಲಿಲ್ಲ. ಆ ಕಾಗದಗಳನ್ನು ಜೆರಾಲ್ಡೀನ್ ಸಹೋದರಿಯೇ ಕಾಪಾಡಿಟ್ಟಳು. ಅವು 1977ರಲ್ಲಿ ಗ್ರಂಥರೂಪವಾಗಿ ಅಚ್ಚಾದವು. ಅವುಗಳನ್ನು ಓದುವವನಿಗೆ ಎರಡು ಕಡೆಯೂ ಪ್ರೀತಿಯಿತ್ತೆಂಬುದು ಕಾಣುತ್ತದೆ, ಎರಡು ಕಡೆಯೂ ಹಟವಿತ್ತೆಂಬುದೂ ಕಾಣುತ್ತದೆ.

1886ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕಾಗಿ ರಮಾಬಾಯಿಯವರು ಮಗಳೊಡನೆ ಅಮೇರಿಕಾಕ್ಕೆ ಹೋದರು. ಕೆಲವು ವಾರಗಳಿಗೆಂದು ಹೋದದ್ದು ಎರಡು ವರುಷಗಳಿಗೂ ಹೆಚ್ಚಾಯಿತು. ಊರಿಂದೂರಿಗೆ ತಿರುಗಿ ಹಿಂದೂದೇಶದ ಬಾಲವಿಧವೆಯರ ದುಃಖವನ್ನು ಸಭೆಗಳಲ್ಲಿ ಹೇಳಬೇಕಾಗಿತ್ತು. ಐದು ವರುಷದ ಮಗುವನ್ನು ಆ ತಿರುಗಾಟದಲ್ಲಿ ಎಳೆದಾಡುವುದು ಆಗದೆಂದು ಅವರು ಮನೋರಮೆಯನ್ನು ಸಮುದ್ರದಾಚೆ ವಾಂಟೇಜಿಗೇ ಹಿಂದಕ್ಕೆ ಕಳುಹಿಸಿದರು. ಅಮೇರಿಕಾದಲ್ಲಿ ಅವರು ಎಳೆಯ ಮಕ್ಕಳಿಗೆ ಆಟದ ಮೂಲಕ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸಮಾಡಿದರು. ಪರರ ಮಕ್ಕಳಿಗಾಗಿ ಅದನ್ನು ಕಲಿಯುತ್ತಿದ್ದ ಸಮಯದಲ್ಲಿ ಅವರ ಸ್ವಂತ ಮಗುವು ಬೇರೆಯವರ ಮನೆಯಲ್ಲಿತ್ತು. ಇದನ್ನು ಮರೆಮಾಡುವುದು ಸರಿಯಲ್ಲ. 1887ರಲ್ಲಿ ಉಚ್ಚ ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ವಿಷಯವಾಗಿ ಅವರು ಬರೆದ ಇಂಗ್ಲಿಷ್ ಗ್ರಂಥವು ಬಹಳವಾಗಿ ಮಾರಿಹೋಯಿತು. ಬಾಸ್ಟನ್ ಪಟ್ಟಣದಲ್ಲಿ ಹತ್ತು ವರುಷಗಳ ವರೆಗೆ ಹಣಸಹಾಯ ಮಾಡುವದಕ್ಕಾಗಿ ಒಂದು ಸಂಘವು ಏರ್ಪಟ್ಟಿತು. ಕೆಲಸವು ಫಲಿಸಿತು, ಆದರೆ ಮಗಳ ಬಾಲ್ಯದ ಆ ವರುಷಗಳು ತಾಯಿಗೆ ತಿರುಗಿ ದೊರೆಯಲಿಲ್ಲ.

1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಹೋಯಿತು. ಮನೋರಮೆಯು ಈಗ ತಾಯಿಯ ಬಳಿಯಲ್ಲಿ ಬೆಳೆದಳು. ಆದರೆ ಅವಳಿಗೆ ಮನೆಯೆಂದರೆ ಆ ಸದನವೇ, ಒಡಹುಟ್ಟಿದವರೆಂದರೆ ಆ ಬಾಲವಿಧವೆಯರೇ. ರಮಾಬಾಯಿಯವರು ದಿನಾಲು ತಮ್ಮ ಕೋಣೆಯಲ್ಲಿ ಮಗಳೊಡನೆ ಸತ್ಯವೇದವನ್ನೋದಿ ಪ್ರಾರ್ಥಿಸುವ ರೂಢಿಯಿಟ್ಟಿದ್ದರು. ಸದನದಲ್ಲಿ ಯಾರ ಧರ್ಮಕ್ಕೂ ಕೈಹಾಕುವದಿಲ್ಲವೆಂದು ಅವರು ಮಾತು ಕೊಟ್ಟಿದ್ದರು. ಆದರೆ ತಾಯಿಯು ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚಬೇಕೆಂದು ಅವರಿಗೆ ತೋರಲಿಲ್ಲ. ತೆರೆದ ಬಾಗಿಲಿನಿಂದ ಕೆಲವು ಹುಡುಗಿಯರು ಬಂದು ಕೂತರು. ಊರಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಾಂಡಾರಕರ ಮೊದಲಾದ ದೊಡ್ಡವರು ಸಲಹಾಮಂಡಳಿಯಿಂದ ಹಿಂದೆಗೆದರು. ಸುಮಾರು 25 ಮಂದಿ ಹುಡುಗಿಯರನ್ನು ಅವರವರ ಮನೆಯವರು ಕರೆದುಕೊಂಡುಹೋದರು. ಬಾಗಿಲನ್ನು ಮುಚ್ಚಿದ್ದರೆ ಸದನಕ್ಕೆ ಈ ನಷ್ಟವು ತಪ್ಪುತ್ತಿತ್ತೇನೋ. ಹಗಲೆಲ್ಲಾ ನೂರು ಜನರ ಕೆಲಸದಲ್ಲಿರುವ ತಾಯಿಗೆ ಮಗಳೊಡನೆ ಇರುವ ಹೊತ್ತು ಅದೊಂದೇ ಆಗಿದ್ದರೆ, ಅದನ್ನು ಕಳ್ಳತನದಂತೆ ನಡಿಸಲು ಯಾವ ತಾಯಿ ಒಪ್ಪುವಳು?

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರವು ಬಿದ್ದಾಗ, ತಮ್ಮ ತಂದೆತಾಯಿಗಳು ಹಸಿವೆಯಿಂದ ಸತ್ತದ್ದನ್ನು ನೆನಸಿ ರಮಾಬಾಯಿಯವರು ತಾವೇ ಹೋಗಿ ಸುಮಾರು 300 ಮಂದಿ ಸ್ತ್ರೀಯರನ್ನೂ ಹುಡುಗಿಯರನ್ನೂ ಕರೆತಂದರು. ಪುಣೆಯಿಂದ ಪೂರ್ವಕ್ಕೆ, ರೈಲುಹಾದಿಯ ಬದಿಯ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿ ಅವರಿಗೆ ನೆಲೆ ಮಾಡಿದರು. ಅದೇ ಮುಕ್ತಿ. ನೇಯ್ಗೆ, ಹೈನು, ಒಕ್ಕಲುತನ, ಹೊಲಿಗೆ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡಿಸಿದರು. 1900ರ ಹೊತ್ತಿಗೆ ಅಲ್ಲಿದ್ದವರು ಸುಮಾರು 1,500 ಮಂದಿ.

ಈ ವರುಷಗಳಲ್ಲಿ ಮನೋರಮೆಯು ಓದಿಗಾಗಿ ಪುನಃ ಇಂಗ್ಲೆಂಡಿಗೂ, ಆ ಮೇಲೆ ಅಮೇರಿಕಾದ ನ್ಯೂಯಾರ್ಕ್ ಸೀಮೆಯ ಒಂದು ಕ್ರೈಸ್ತ ವಿದ್ಯಾಲಯಕ್ಕೂ ಹೋಗಿದ್ದಳು. ಅವಳು ಬುದ್ಧಿವಂತೆ, ಇನ್ನೂ ಓದಬೇಕೆಂಬ ಆಶೆಯುಳ್ಳವಳು. ಆದರೆ 1899-1900ರಲ್ಲಿ ಗುಜರಾಥದಲ್ಲಿ ತಿರುಗಿ ಬರ ಬಿದ್ದು ಮುಕ್ತಿಯು ತುಂಬಿ ತುಳುಕಿತು. ತಾಯಿಯು ಮಗಳನ್ನು ಕರೆಸಿಕೊಂಡರು. ಹತ್ತೊಂಬತ್ತು ವರುಷದ ಮಗಳು ಓದನ್ನು ಅರ್ಧಕ್ಕೆ ಬಿಟ್ಟು 1900ರಲ್ಲಿ ಬಂದಳು. ನಾವು ಇದನ್ನು ತಾಯಿಯ ತಪ್ಪೆನ್ನುವೆವೋ? ಬಂದಿದ್ದ ಸಾವಿರಾರು ಬಾಯಿಗಳನ್ನು ಕಂಡವನು ಹಾಗೆ ಹೇಳಲಾರನು. ಆದರೂ ಮಗಳು ಬಿಟ್ಟುಬಂದದ್ದು ದೊಡ್ಡದೆಂಬುದನ್ನು ಅಲ್ಲಗಳೆಯಲಾಗದು. ಅವಳು ಸಿಡುಕಿದಳೆಂದು ಎಲ್ಲಿಯೂ ಕಾಣುವದಿಲ್ಲ. ಅಮೇರಿಕಾದಲ್ಲಿ ಕಲಿತುಬಂದ ಬ್ರೇಲ್ ಲಿಪಿಯಿಂದ ಮುಕ್ತಿಯ ಕುರುಡು ಹುಡುಗಿಯರಿಗೆ ಓದಿಸಿದಳು. ಶಾರದಾ ಸದನಕ್ಕೆ ಮುಖ್ಯೋಪಾಧ್ಯಾಯಿನಿಯಾದಳು. ಬಿಟ್ಟುಹೋಗಿದ್ದ ಓದನ್ನು ಕೆಲಸದ ನಡುವೆಯೇ ಮುಂದುವರಿಸಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಬಿ. ಎ. ಮುಗಿಸಿದಳು. ಮದುವೆಯಾಗಲಿಲ್ಲ.

ತಾಯಿಮಗಳು ಕೂಡಿ ಕೆಲಸ ಮಾಡಿದ್ದು ಈ ಇಪ್ಪತ್ತು ವರುಷ. ಬಾಲ್ಯದಲ್ಲಿ ಅಗಲಿದ್ದವರಿಗೆ ಕೆಲಸವೇ ಸಂಸಾರವಾಯಿತು. ಕೇಡಗಾಂವದ ಮೂಲಕ ಹೋಗುವ ರೈಲುಹಾದಿಯು ಸೊಲ್ಲಾಪುರವನ್ನು ದಾಟಿ ಕಲಬುರ್ಗಿಗೆ ಬರುತ್ತದೆ. ಆಗ ಕಲಬುರ್ಗಿಯು ನಿಜಾಮರ ಸೀಮೆಗೆ ಸೇರಿತ್ತು. ಹೆಣ್ಣುಮಕ್ಕಳ ವಿದ್ಯೆಯಲ್ಲಿ ಬಹಳ ಹಿಂದುಳಿದಿತ್ತು. ಮೇಲೆ ಹೇಳಿದ ಶಾಲೆಯನ್ನು ಅವರು ತೆರೆದದ್ದು ಅಲ್ಲಿಯೇ, ಮನೋರಮಾಬಾಯಿಯನ್ನೇ ಅದಕ್ಕೆ ಮುಖ್ಯಸ್ಥಳನ್ನಾಗಿ ಮಾಡಿ. ಭೀಮಾನದಿಯ ಈಚೆಗಿರುವ ನಮಗೆ ಅವರು ಇಷ್ಟು ಹತ್ತಿರಕ್ಕೆ ಬಂದಿದ್ದರು.

ರಮಾಬಾಯಿಯವರು ತಮ್ಮ ಕೊನೆಯ ವರುಷಗಳಲ್ಲಿ ಸತ್ಯವೇದವನ್ನು ಇಬ್ರಿಯ ಗ್ರೀಕ್ ಮೂಲಗಳಿಂದ ಮರಾಠಿಗೆ ತಿರುಗಿಸುವ ಕೆಲಸದಲ್ಲಿ ಮುಳುಗಿದ್ದರು. ಓದುಬಲ್ಲ ಪಂಡಿತರಿಗಲ್ಲ, ಹೊಲದಲ್ಲಿ ದುಡಿಯುವ ಹೆಂಗಸಿಗೆ ತಿಳಿಯುವ ಮಾತಿನಲ್ಲಿ ಅದು ಇರಬೇಕೆಂಬುದು ಅವರ ಹಟ. ಅದಕ್ಕಾಗಿ ಆ ಎರಡು ಭಾಷೆಗಳನ್ನೂ ಮುದಿವಯಸ್ಸಿನ ಹತ್ತಿರ ಕಲಿತರು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಶರೀರವು ಕುಗ್ಗಿದ್ದರಿಂದ 1920ರಲ್ಲಿ ತಮ್ಮ ತರುವಾಯ ಮುಕ್ತಿಯ ಭಾರವನ್ನು ಮನೋರಮೆಯೇ ಹೊರಬೇಕೆಂದು ಗೊತ್ತುಮಾಡಿದರು. ಆದರೆ 1921ನೆಯ ಜುಲೈ 24ರಂದು, ನಲ್ವತ್ತನೆಯ ವರುಷದಲ್ಲಿ, ಮಗಳು ತಾಯಿಗಿಂತ ಮುಂದಾಗಿ ಹೋದಳು.

ಆ ಮೇಲೆ ತಾಯಿಯು ಒಂಬತ್ತು ತಿಂಗಳು ಪೂರಾ ಬದುಕಲಿಲ್ಲ. ಭಾಷಾಂತರದ ಕೊನೆಯ ಹಾಳೆಗಳನ್ನು ತಿದ್ದಿ ಮುಗಿಸಿ 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಆ ಸತ್ಯವೇದವು ಸಂಪೂರ್ಣವಾಗಿ 1924ರಲ್ಲಿ ಹೊರಬಿತ್ತು. ಅದರ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿದವರೂ ಅಚ್ಚು ಹಾಕಿದವರೂ ಮುಕ್ತಿಯ ಹೆಣ್ಣುಮಕ್ಕಳೇ.