ಕೆರೆ ಕಟ್ಟಿಸಿದ ಸ್ವಾಮಿ

ನಮ್ಮ ಅಟೆಂಡೆನ್ಸ್ ಲಿಸ್ಟಿನಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರ ಅನ್ನೋ ಹೆಸರು ಬಂದ್ರೆ ಊರು ಕೇಳೋ ಅಗತ್ಯವೇ ಇಲ್ಲ. ಚಳ್ಳಕೆರೆ ಇಲ್ಲಾ ಮೊಳಕಾಲ್ಮೂರು ಕಡೆಯವರು ಅಂತ ಗೊತ್ತಾಗಿಬಿಡುತ್ತೆ. ಆ ಹೆಸರಿನ ಮೂಲಪುರುಷ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಊರು ಚಳ್ಳಕೆರೆ ತಾಲ್ಲೂಕಿನದು, ಓಟು ಹಾಕೋದು ಮೊಳಕಾಲ್ಮೂರು ಕ್ಷೇತ್ರಕ್ಕೆ. ಹೀಗಾಗಿ ಎರಡೂ ಕಡೆಯವರು ಸ್ವಾಮಿ ನಮ್ಮವರು ಅಂತಾರೆ.

ಅವರು ಬದುಕಿದ್ದು ಪಾಳೆಯಗಾರರ ಕಾಲದಲ್ಲಿ. ಕೊಟ್ಟೂರಿನ ಕೊಟ್ಟೂರೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರರ ಜೊತೆ ಇವರನ್ನೂ ಸೇರಿಸಿ ಪಂಚಗಣಾಧೀಶರು ಅಂತ ಕರೀತಾರೆ. ಊರೂರು ಅಲೆಯುತ್ತಾ ನಾಯಕನಹಟ್ಟಿಗೆ ಬಂದರು, ಇರೋಕೆ ಜಾಗ ಕೇಳಿದರು, ಅಲ್ಲೇ ನೆಲೆ ನಿಂತರು ಅನ್ನೋದು ಜನರ ನಂಬಿಕೆ. ಪವಾಡದ ಕಥೆಗಳಂತೂ ಅಜ್ಜಿಯರ ಬಾಯಲ್ಲಿ ಲೆಕ್ಕವಿಲ್ಲದಷ್ಟಿವೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪವಾಡವಲ್ಲ, ಕೆರೆ. ಈ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಜಾಗಗಳಲ್ಲೊಂದು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಅಷ್ಟೇ, ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತೆ. ಇಲ್ಲಿ ನೀರು ಹಿಡಿದಿಡದವನಿಗೆ ಬದುಕಿಲ್ಲ. ಸ್ವಾಮಿ ಜನರನ್ನು ಸೇರಿಸಿ ಸುತ್ತಮುತ್ತ ಐದು ಕೆರೆ ಕಟ್ಟಿಸಿದರು ಅಂತ ಪರಂಪರೆ ಹೇಳುತ್ತೆ.

ಕೆರೆ ಅಂದ್ರೆ ಬರೀ ಗುಂಡಿಯಲ್ಲ ಅಂತ ಸಿವಿಲ್ ಗೆಳೆಯರಿಗೆ ಗೊತ್ತು. ಇಳಿಜಾರಿಗೆ ಅಡ್ಡ ಏರಿ, ನೀರು ಬಿಡೋಕೆ ತೂಬು, ಹೆಚ್ಚಾದದ್ದು ಹರಿಯೋಕೆ ಕೋಡಿ. ಕೋಡಿ ಕಿರಿದಾಯ್ತೋ, ನೀರು ಮಣ್ಣಿನ ಏರಿ ಮೇಲೆ ಹತ್ತಿ ಒಂದೇ ರಾತ್ರಿಗೆ ಕೊಚ್ಚಿಕೊಂಡು ಹೋಗುತ್ತೆ. ಜೆಸಿಬಿ ಇಲ್ಲದ ಕಾಲ. ಪ್ರತಿ ಬುಟ್ಟಿ ಮಣ್ಣೂ ಯಾರದೋ ತಲೆ ಮೇಲೆ ಹೋಗಬೇಕಿತ್ತು.

ಸ್ವಾಮಿಯ ಹೆಸರಲ್ಲಿ ಉಳಿದಿರೋ ದೊಡ್ಡ ತತ್ವ ಇಲ್ಲೇ ಅರ್ಥವಾಗೋದು. ದುಡಿದವರಿಗೆ ದುಡಿದಷ್ಟು ಸಲ್ಲಬೇಕು ಅನ್ನೋದೇ ಅದರ ಸಾರ. ಜಾತಿ ನೋಡಿ ಅಲ್ಲ, ಮುಖ ನೋಡಿಯೂ ಅಲ್ಲ.

ಇವತ್ತು ಊರೊಳಗೆ ಒಳಮಠ, ಊರಾಚೆ ಸಮಾಧಿ ಇರೋ ಹೊರಮಠ. ಹೊರಮಠದ ಕಟ್ಟಡದಲ್ಲಿ ಇಸ್ಲಾಮಿ ಶೈಲಿಯ ಛಾಯೆಯೂ ಇದೆ. ಫಾಲ್ಗುಣದ ಚಿತ್ತಾ ನಕ್ಷತ್ರದಲ್ಲಿ ತೇರು ಎಳೀತಾರೆ. ಭಕ್ತರು ಒಣಕೊಬ್ಬರಿ ಸುಡ್ತಾರೆ, ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತೆ. ಅದೇ ಸೀಮೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸೂ ಇದೆ.

ಪರೀಕ್ಷೆ ಹತ್ತಿರ ಬಂದಾಗ ನಮ್ಮಲ್ಲೂ ಕೆಲವರು ಸ್ವಾಮಿಗೆ ಕೊಬ್ಬರಿ ಹರಕೆ ಹೊರ್ತೀವಿ. ತಪ್ಪೇನಿಲ್ಲ. ಆದ್ರೆ ಓದದೇ ಪಾಸು ಮಾಡಿಸು ಅಂತ ಕೇಳೋಕೆ ಇವರಷ್ಟು ತಪ್ಪಾದ ದೇವರು ಇನ್ನೊಬ್ಬರು ಸಿಗಲಿಕ್ಕಿಲ್ಲ. ಮಾಡಿದಷ್ಟೇ ಕೊಡೋ ಸ್ವಾಮಿ ಅವರು. ಈ ಸಲ ಜಾತ್ರೆಗೆ ಹೋದ್ರೆ ತೇರು ನೋಡಿ ಹಾಗೇ ಬಂದುಬಿಡಬೇಡಿ. ಕೆರೆ ಏರಿ ಮೇಲೂ ಒಂದು ಸುತ್ತು ನಡೆದು, ಕೋಡಿಯಲ್ಲಿ ಹೂಳೆಷ್ಟು, ಜಾಲಿ ಎಷ್ಟು ಅಂತ ನೋಡಿ ಬನ್ನಿ. ಹರಕೆ ತೀರಿಸೋಕೆ ಅಲ್ಲೂ ಕೆಲಸ ಬೇಕಾದಷ್ಟಿರುತ್ತೆ.